‘ಅಜ್ಜಿ ಯಾಕೋ ಸಪ್ಪಗವ್ರೆ ಸಿಸ್ಟರ್’

ತುಮಕೂರಿನ ಅಂಚಿನಲ್ಲಿರುವ ಒಂದು ವೃದ್ಧಾಶ್ರಮ. ಬೆಳಿಗ್ಗೆ ಏಳು ಗಂಟೆ. ರಾತ್ರಿ ಪಾಳಿ ಮುಗಿಸಿದ ಆಯಾ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ: ‘ಮೂರನೇ ಮಂಚದ ಅಜ್ಜಿ ಯಾಕೋ ಸಪ್ಪಗವ್ರೆ ಸಿಸ್ಟರ್. ರಾತ್ರಿ ಮುದ್ದೆ ಮುಟ್ಲಿಲ್ಲ. ಮಗ್ಗುಲು ತಿರುಗ್ಸಿದ್ರೆ ಏದುಸ್ರು ಬಿಡ್ತಾರೆ.’ ತಿಂಡಿ, ಮಾತ್ರೆ, ಸ್ನಾನದ ಗಡಿಬಿಡಿಯೆಲ್ಲ ಮುಗಿದ ಮೇಲೆ, ಹತ್ತು ಗಂಟೆಗೆ, ಸಿಸ್ಟರ್ ಆ ಮಾತನ್ನು ಮ್ಯಾನೇಜರಿಗೆ ಮುಟ್ಟಿಸುತ್ತಾರೆ: ‘ಆ ಅಜ್ಜಿ ಊಟ ಸರಿಯಾಗಿ ಮಾಡ್ತಿಲ್ಲ, ಸ್ವಲ್ಪ ಡಲ್ ಇದ್ದಾರೆ.’ ಹನ್ನೊಂದೂವರೆಗೆ ಮ್ಯಾನೇಜರ್ ಡಾಕ್ಟರಿಗೆ ಫೋನ್ ಮಾಡುತ್ತಾರೆ. ‘ಸಾರ್, ಒಬ್ಬರು ಅಜ್ಜಿಗೆ ಸುಸ್ತು, ಊಟ ಸೇರ್ತಿಲ್ಲ.’ ‘ಜ್ವರ?’ ‘ಇಲ್ಲ ಸಾರ್.’ ‘ಬಿಪಿ?’ ‘ನಾರ್ಮಲ್ ಸಾರ್.’ ‘ಸರಿ, ಓಆರ್‌ಎಸ್ ಕುಡಿಸ್ತಾ ಇರಿ, ನಾಳೆ ಬಂದಾಗ ನೋಡ್ತೀನಿ.’ ಮರುದಿನ ಡಾಕ್ಟರು ಬರುವ ಹೊತ್ತಿಗೆ ಅಜ್ಜಿಯ ತುಟಿ ನೀಲಿಗಟ್ಟಿದೆ, ಆಕ್ಸಿಜನ್ 84 ತೋರಿಸುತ್ತಿದೆ. ನ್ಯುಮೋನಿಯಾ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸ ಕದ್ದಿಲ್ಲ. ಆದರೂ ನಾಲ್ಕೂವರೆ ಗಂಟೆಯಲ್ಲಿ ಮೂರು ಬಾಯಿ ದಾಟುವಷ್ಟರಲ್ಲಿ ಒಂದು ಪದ ಬಿದ್ದುಹೋಯಿತು. ಆ ಪದ ‘ಏದುಸಿರು’. ಅದೊಂದು ಡಾಕ್ಟರ ಕಿವಿಗೆ ಬಿದ್ದಿದ್ದರೆ ಅವರ ಮುಂದಿನ ಪ್ರಶ್ನೆ ಜ್ವರದ್ದಾಗಿರುತ್ತಿರಲಿಲ್ಲ. ‘ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಿದ್ದಾರೆ ಎಣಿಸಿ ಹೇಳಿ’ ಅನ್ನುತ್ತಿದ್ದರು. ಹಿರಿಯರ ಆರೈಕೆಯಲ್ಲಿ ಎಲ್ಲಕ್ಕಿಂತ ಮೊದಲು ಕಾಯಿಲೆ ಕಾಣುವುದು ಊಟ ಉಣಿಸುವವರಿಗೆ, ಬಟ್ಟೆ ಬದಲಿಸುವವರಿಗೆ. ಔಷಧಿ ಬದಲಿಸುವ ಅಧಿಕಾರ ಇರುವುದು ಎಲ್ಲರಿಗಿಂತ ಕೊನೆಗೆ ಕೇಳಿಸಿಕೊಳ್ಳುವವರಿಗೆ. ಈ ಎರಡು ತುದಿಗಳ ನಡುವೆ ಮಾತು ಹೇಗೆ ಸಾಗಬೇಕು ಅನ್ನುವುದೇ ಈ ಬರಹ.

(ಒಂದು ಮಾತು ಮೊದಲೇ ಹೇಳಿಬಿಡಬೇಕು. ವೃದ್ಧಾಶ್ರಮಗಳಿಗೆ ಡಾಕ್ಟರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುತ್ತಾರೆ. ಉಳಿದ ದಿನವೆಲ್ಲ ಫೋನೇ.)

ಸಪ್ಪಗೆ ಅಂದರೆ, ಯಾವತ್ತಿಗಿಂತ ಸಪ್ಪಗೆ?

‘ಸಪ್ಪಗಿದ್ದಾರೆ’ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿ ನಿಜವಾದ ತಿಳಿವಳಿಕೆ ಇದೆ. ಅಮೆರಿಕದ ಹಿರಿಯರ ಕೇಂದ್ರಗಳಿಗಾಗಿ ರೂಪಿಸಿದ ‘ಇಂಟರಾಕ್ಟ್’ ಕಾರ್ಯಕ್ರಮದಲ್ಲಿ ‘ಸ್ಟಾಪ್ ಅಂಡ್ ವಾಚ್’ ಎಂಬ ಒಂದು ಹಾಳೆಯಿದೆ. ಹನ್ನೆರಡು ಲಕ್ಷಣಗಳ ಆ ಪಟ್ಟಿಯನ್ನು ಮಾಡಿದ್ದು ಡಾಕ್ಟರಿಗಲ್ಲ, ಆಯಾಗಳಿಗೆ. ಅದರ ಮೊದಲ ಸಾಲೇ ‘ಎಂದಿನಂತಿಲ್ಲ’. ಅಂದರೆ ನಮ್ಮ ಆಯಾ ಹೇಳಿದ್ದೇ. ಆದರೆ ಫೋನಿನ ಆ ಕಡೆ ಇರುವವರಿಗೆ ಎಂದಿನ ಅಜ್ಜಿ ಹೇಗಿದ್ದರು ಅನ್ನುವುದು ಗೊತ್ತಿರುವುದಿಲ್ಲ. ಅವರ ಪಾಲಿಗೆ ಎಂಬತ್ತೆರಡು ವರ್ಷದವರೆಲ್ಲ ಸ್ವಲ್ಪ ಸಪ್ಪಗೇ ಇರುತ್ತಾರೆ. ಹಾಗಾಗಿ ‘ಸಪ್ಪಗೆ’ ಎಂಬುದನ್ನು ಬಿಡಿಸಿ ಹೇಳಬೇಕು: ಮೊನ್ನೆ ಇಷ್ಟಿತ್ತು, ಇವತ್ತು ಇಷ್ಟಾಗಿದೆ.

ಇದಕ್ಕೆ ಬೇಕಾದದ್ದು ಒಂದು ಮಾಮೂಲು ಹಾಳೆ. ಹಿರಿಯರು ಸೇರಿದ ಮೊದಲ ವಾರದಲ್ಲೇ, ಅವರು ಚೆನ್ನಾಗಿರುವಾಗಲೇ, ಬರೆದಿಡಬೇಕು. ಮಧ್ಯಾಹ್ನ ಎಷ್ಟು ಮುದ್ದೆ, ರಾತ್ರಿ ಎಷ್ಟು. ದಿನಕ್ಕೆ ನೀರು ಎಷ್ಟು ಚೊಂಬು (ಚೊಂಬಿಗೆ ಎಷ್ಟು ಮಿಲಿ ಹಿಡಿಯುತ್ತದೆ ಅನ್ನುವುದನ್ನು ಒಮ್ಮೆ ಅಳೆದು ಬರೆದಿಟ್ಟರೆ ಸಾಕು). ಮಂಚದಿಂದ ಬಚ್ಚಲಿಗೆ ತಾವೇ ಹೋಗುತ್ತಾರೋ, ಕೋಲು ಹಿಡಿದೋ, ಒಬ್ಬರು ಕೈ ಕೊಟ್ಟರೋ. ಮಕ್ಕಳ ಹೆಸರು, ಊರು, ಹೊತ್ತು ನೆನಪಿರುತ್ತವೆಯೋ. ಎಷ್ಟು ದಿನಕ್ಕೊಮ್ಮೆ ಮೋಷನ್. ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತಾರೆ. ಕಾಲಿನ ಬಾವು ಮೊದಲಿನಿಂದಲೂ ಇದೆಯೋ. ಸುಮ್ಮನೆ ಕೂತಿದ್ದಾಗಿನ ಬಿಪಿ, ನಾಡಿ, ಆಕ್ಸಿಜನ್, ಉಸಿರಿನ ಎಣಿಕೆ, ಬೆಳಗಿನ ಮೈಬಿಸಿ. ಒಂದು ಸಲದ್ದಲ್ಲ, ಮೂರು ದಿನದ್ದು. ತೂಕ. ಕೊನೆಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ಅಂಕಿ) ಎಷ್ಟು, ಸೋಡಿಯಂ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಯಾವ ದಿನಾಂಕದ್ದು.

ಈ ಹಾಳೆ ಇಲ್ಲದಿದ್ದರೆ ಅಂಕಿಗಳೂ ಮೋಸ ಮಾಡುತ್ತವೆ. ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಶ್ವಾಸಕೋಶ ಕೆಟ್ಟಿರುವ ಅಜ್ಜಿಯೊಬ್ಬರಿಗೆ ಆಕ್ಸಿಜನ್ 91 ಅನ್ನುವುದು ಎಂದಿನದೇ ಇರಬಹುದು. ಯಾವಾಗಲೂ 98 ಇರುವ ತಾತನಿಗೆ 92 ಅಂದರೆ ಅವಸರದ ವಿಷಯ. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿ ಕೀಲು ಬಿಗಿದುಕೊಂಡ ಹಿರಿಯರು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳ ಆಶ್ರಮಗಳಲ್ಲಿ ಸಿಗುತ್ತಾರೆ. ಅವರ ನಡಿಗೆ ಮೊದಲೇ ಎಳೆದಾಟ. ಹೊಸ ಡಾಕ್ಟರು ನೋಡಿದರೆ ಲಕ್ವ ಇರಬಹುದೇ ಅಂದುಕೊಂಡಾರು. ಅಥವಾ ನಿಜಕ್ಕೂ ಲಕ್ವ ಹೊಡೆದಾಗ ‘ಮೊದಲಿಂದಲೂ ಹೀಗೇ’ ಅಂದುಕೊಂಡು ಎಲ್ಲರೂ ಸುಮ್ಮನಾದಾರು. ಹೋದ ತಿಂಗಳು ಬಚ್ಚಲಿಗೆ ಹೇಗೆ ಹೋಗುತ್ತಿದ್ದರು ಎಂದು ಹಾಳೆಯಲ್ಲಿ ಬರೆದಿದ್ದರೆ ಈ ಎರಡು ತಪ್ಪೂ ಆಗುವುದಿಲ್ಲ.

ಮುದ್ದೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಾಗಾಗಿ ಗಂಟಲಿನ ಶಕ್ತಿ ಕಡಿಮೆಯಾದರೆ ಅದು ಬೇಗ ಗೊತ್ತಾಗುವುದು ಮುದ್ದೆಯ ತಟ್ಟೆಯ ಮುಂದೆಯೇ. ತುತ್ತು ಚಿಕ್ಕದಾಗುತ್ತದೆ, ನುಂಗಿದ ಮೇಲೆ ಕೆಮ್ಮು ಬರುತ್ತದೆ, ಊಟವಾದ ಮೇಲೆ ಮಾತಾಡಿದರೆ ದನಿ ಗೊರಗೊರ ಅನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಇದನ್ನು ನೋಡಿದ ಅಡುಗೆಯವರು ಕಾಳಜಿಯಿಂದಲೇ ‘ಪಾಪ, ಮುದ್ದೆ ಆಗ್ತಿಲ್ಲ’ ಅಂತ ಗಂಜಿ, ನೀರು ಮಜ್ಜಿಗೆಗೆ ಬದಲಿಸುತ್ತಾರೆ. ಆದರೆ ನುಂಗುವ ತೊಂದರೆ ಇರುವ ಕೆಲವರಿಗೆ ನೀರಿನಂಥ ತೆಳುವಾದದ್ದೇ ಹೆಚ್ಚು ಅಪಾಯ. ಶ್ವಾಸನಾಳಕ್ಕೆ ಇಳಿಯುವುದು ಅದೇ ಬೇಗ. ನಾಲ್ಕು ದಿನದ ನಂತರ ನ್ಯುಮೋನಿಯಾ ಆದಾಗ ಅದಕ್ಕೂ ಮುದ್ದೆ ಬಿಟ್ಟದ್ದಕ್ಕೂ ಸಂಬಂಧವಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಅಡುಗೆಮನೆಯಲ್ಲಿ ಊಟ ಬದಲಾದ ದಿನವೇ ಡಾಕ್ಟರಿಗೆ ತಿಳಿಸಬೇಕು. ಇದರ ಜೊತೆಯಲ್ಲೇ ಇನ್ನೊಂದು: ನುಂಗಲಾಗದವರಿಗೆ ಮಾತ್ರೆ ಪುಡಿ ಮಾಡಿ ಕೊಡುವುದು. ಮೆಟ್‌ಫಾರ್ಮಿನ್ ಎಸ್‌ಆರ್‌ನಂಥ, ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಬಿಡುಗಡೆಯಾಗುತ್ತದೆ. ‘ಪುಡಿ ಮಾಡಿ ಕೊಡ್ತಿದ್ದೀವಿ’ ಅನ್ನುವುದನ್ನೂ ಹೇಳಲೇಬೇಕು.

ಫೋನ್ ಎತ್ತುವ ಮುಂಚಿನ ಹತ್ತು ನಿಮಿಷ

ಎಷ್ಟೋ ಸಲ ಫೋನ್ ಹಿಡಿದುಕೊಂಡೇ ಬಿಪಿ ನೋಡಲು ಓಡುತ್ತಾರೆ. ಆಗ ಬರುವ ಅಂಕಿ ನಂಬುವಂಥದ್ದಲ್ಲ. ಪ್ರಾಣಕ್ಕೆ ಕುತ್ತು ಬಂದಿಲ್ಲದಿದ್ದರೆ ಮೊದಲು ಹತ್ತು ನಿಮಿಷ ಹಿರಿಯರ ಪಕ್ಕ ಕೂರಬೇಕು.

ಉಸಿರನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದ್ದಕ್ಕೆ ನಾಲ್ಕು ತಪ್ಪುತ್ತದೆ. ಎಣಿಸುತ್ತಿರುವುದು ಅವರಿಗೆ ಗೊತ್ತಾಗಬಾರದು. ನಾಡಿ ಹಿಡಿದಂತೆ ಕೈ ಹಿಡಿದುಕೊಂಡು ಎದೆಯೋ ಹೊಟ್ಟೆಯೋ ಏಳುವುದನ್ನು ನೋಡಬೇಕು. ನಿಮಿಷಕ್ಕೆ 12ರಿಂದ 20 ಮಾಮೂಲು. 25 ದಾಟಿದರೆ, ಜ್ವರ ಇಲ್ಲದಿದ್ದರೂ, ಎದೆಯಲ್ಲಿ ಸೋಂಕು ಇರಬಹುದು ಅಂತಲೇ ಹಿಡಿದು ಆಗಲೇ ತಿಳಿಸಬೇಕು. ಯಂತ್ರ ಬೇಡ, ಖರ್ಚಿಲ್ಲ, ಆದರೂ ಆಶ್ರಮದ ರಿಜಿಸ್ಟರುಗಳಲ್ಲಿ ಕಾಣದಿರುವ ಅಂಕಿ ಇದೊಂದೇ. ಇದ್ದ ಕಡೆಯೂ ಎಲ್ಲರ ಮುಂದೆ ‘18’ ಅಂತಲೇ ಬರೆದಿರುತ್ತದೆ.

ಜ್ವರದ ವಿಷಯ. ಹಿರಿಯರ ಮೈ ಸೋಂಕಿಗೆ ಜೋರಾಗಿ ಕಾಯುವುದಿಲ್ಲ. ಎಂದೂ 97 ಡಿಗ್ರಿ ಇರುವವರಿಗೆ 99 ಬಂದರೆ ಅದು ಜ್ವರವೇ. ಒಂದು ಸಲ 100 ದಾಟಿದರೆ, ಅಥವಾ ಮತ್ತೆ ಮತ್ತೆ 99 ದಾಟುತ್ತಿದ್ದರೆ, ಅಥವಾ ಮಾಮೂಲಿಗಿಂತ ಎರಡು ಡಿಗ್ರಿ ಏರಿದ್ದರೆ ತಿಳಿಸಬೇಕು. ಈ ಲೆಕ್ಕ ಬಾಯಲ್ಲಿ ಇಟ್ಟು ನೋಡಿದ್ದಕ್ಕೆ. ಕಂಕುಳಲ್ಲಿ ಕಡಿಮೆ ತೋರಿಸುತ್ತದೆ. ಆದ್ದರಿಂದ ಎಲ್ಲಿಟ್ಟು ನೋಡಿದಿರಿ, ನೋಡುವ ಮುಂಚೆ ಪ್ಯಾರಸಿಟಮಾಲ್ ಕೊಟ್ಟಿದ್ದಿರಾ ಎಂಬ ಎರಡು ಮಾತು ಅಂಕಿಯ ಜೊತೆಗೇ ಹೋಗಬೇಕು. ಬೆಳಿಗ್ಗೆ ಆರಕ್ಕೆ ಡೋಲೋ ಕೊಟ್ಟು, ಎಂಟಕ್ಕೆ ನೋಡಿ, ‘ಜ್ವರ ಇಲ್ಲ ಸಾರ್’ ಅಂದರೆ ಡಾಕ್ಟರು ದಾರಿ ತಪ್ಪುತ್ತಾರೆ.

ಬಿಪಿಗೆ ಐದು ನಿಮಿಷ ಸುಮ್ಮನೆ ಕೂರಿಸಿ, ಮೂತ್ರಕ್ಕೆ ಹೋಗಿಬಂದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು, ಸ್ವೆಟರಿನ ತೋಳು ತೆಗೆದು ಬರಿ ತೋಳಿಗೆ ಪಟ್ಟಿ ಕಟ್ಟಬೇಕು. ತಲೆಸುತ್ತು ಅಂದವರಿಗೆ ಕೂತು ನೋಡಿದ್ದೊಂದೇ ಸಾಲದು. ಮಲಗಿಸಿ ನೋಡಿ, ಹಿಡಿದು ನಿಲ್ಲಿಸಿ, ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ ಅಥವಾ ಕೆಳಗಿನದು 10 ಇಳಿದರೆ, ಅವರು ಬೀಳುವುದಕ್ಕೆ ಮುಂಚೆಯೇ ಡಾಕ್ಟರಿಗೆ ಗೊತ್ತಾಗಬೇಕು. ಪಲ್ಸ್ ಆಕ್ಸಿಮೀಟರ್ ತಣ್ಣನೆಯ ಬೆರಳಿಗೆ, ನೇಲ್ ಪಾಲಿಶ್ ಹಚ್ಚಿದ ಉಗುರಿಗೆ, ನಡುಗುವ ಕೈಗೆ ತಪ್ಪು ಹೇಳುತ್ತದೆ. ಬೆರಳನ್ನು ಉಜ್ಜಿ ಬಿಸಿ ಮಾಡಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಗ್ಲೂಕೋಮೀಟರಿಗೆ ಮುಂಚೆ ಕೈ ತೊಳೆಸಬೇಕು. ಬಾಳೆಹಣ್ಣು ತಿಂದ ಬೆರಳಿನಲ್ಲಿ ಇಲ್ಲದ ಶುಗರ್ ಏರಿ ಕಾಣುತ್ತದೆ, ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅನಾಹುತ.

ತೂಕ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ. ಹೃದಯದ ತೊಂದರೆ ಇರುವವರದ್ದು ದಿನಾ ಬೆಳಿಗ್ಗೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈಗೆ ಬಂದದ್ದಲ್ಲ, ನೀರು ತುಂಬಿದ್ದು. ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ ಐವತ್ತು ಕಿಲೋದವರು ಎರಡೂವರೆ ಕಿಲೋ ಇಳಿದರೆ, ಅದೂ ಫೋನ್ ಮಾಡುವ ವಿಷಯವೇ.

ಮೊದಲ ವಾಕ್ಯದಲ್ಲೇ ವಿಷಯ

ಹಿರಿಯರ ಬಗ್ಗೆ ಫೋನ್ ಮಾಡಿದಾಗ ನಮ್ಮವರು ಹಿಂದಿನಿಂದ ಶುರು ಮಾಡುತ್ತಾರೆ. ‘ನಮಸ್ಕಾರ ಸಾರ್, ಊಟ ಆಯ್ತಾ ಸಾರ್, ನೆನಪಿದೆಯಾ ಸಾರ್, ಹೋದ ತಿಂಗಳು ನೋಡಿದ್ರಲ್ಲ, ಅವರ ಮಗ ಬೆಂಗಳೂರಲ್ಲಿದಾರೆ…’ ಇದು ಮರ್ಯಾದೆ, ತಪ್ಪೇನಲ್ಲ. ಆದರೆ ಓಪಿಡಿಯಲ್ಲಿ ನಲವತ್ತು ಜನರ ನಡುವೆ ಫೋನ್ ಎತ್ತಿದವರ ಗಮನ ಮೊದಲ ಅರ್ಧ ನಿಮಿಷ ಮಾತ್ರ ಪೂರ್ತಿ ಸಿಗುತ್ತದೆ. ಆ ಅರ್ಧ ನಿಮಿಷದಲ್ಲಿ ಯಾರು, ಏನಾಗಿದೆ, ಯಾವಾಗಿನಿಂದ, ಎಷ್ಟು ಅವಸರ ಅನ್ನುವುದು ಮುಗಿದಿರಬೇಕು.

ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಕಲಿಸುವ ‘ಎಸ್‌ಬಿಎಆರ್’ ಕ್ರಮ ಇದೇ: ಈಗ ಏನಾಗಿದೆ, ಹಿನ್ನೆಲೆ ಏನು, ನಮಗೆ ಏನು ಕಾಣುತ್ತಿದೆ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಈ ಪದ್ಧತಿಯನ್ನು 2000ದ ದಶಕದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗಳು ಎತ್ತಿಕೊಂಡವು. ಹೆಸರು ಯಾವುದಾದರೂ ಇರಲಿ, ನಮ್ಮ ಮೂರನೇ ಮಂಚದ ಅಜ್ಜಿಯ ವಿಷಯವನ್ನು ಹಾಗೆ ಹೇಳಿದರೆ ಹೀಗಿರುತ್ತದೆ:

‘ಸಾರ್, ಆಶ್ರಮದಿಂದ ಸಿಸ್ಟರ್. ಮೂರನೇ ಮಂಚದ ಅಜ್ಜಿ, 82 ವರ್ಷ, ನೆನ್ನೆ ರಾತ್ರಿಯಿಂದ ಏದುಸಿರು, ಅವಸರದ್ದು ಅನ್ನಿಸ್ತಿದೆ. ಶುಗರ್, ಬಿಪಿ ಇದೆ, ಎರಡು ವರ್ಷದ ಹಿಂದೆ ಲಕ್ವ ಆಗಿತ್ತು, ಕ್ಲೋಪಿಡೋಗ್ರೆಲ್ ತಗೊಳ್ತಾರೆ, ಪೆನಿಸಿಲಿನ್ ಆಗಲ್ಲ, ಕ್ರಿಯಾಟಿನಿನ್ ಹೋದ ತಿಂಗಳು 1.6. ದಿನಾ ರಾತ್ರಿ ಒಂದು ಮುದ್ದೆ ಊಟ ಮಾಡೋರು, ನೆನ್ನೆ ಏನೂ ಮುಟ್ಟಿಲ್ಲ, ಹೋದ ವಾರದಿಂದ ಊಟದಲ್ಲಿ ಕೆಮ್ಮು. ಈಗ ಉಸಿರು 28, ಆಕ್ಸಿಜನ್ 91, ಮಾಮೂಲು 96. ನಾಡಿ 108, ಬಿಪಿ 104/60, ಮಾಮೂಲು 140. ಕಂಕುಳಲ್ಲಿ 99.2, ಪ್ಯಾರಸಿಟಮಾಲ್ ಕೊಟ್ಟಿಲ್ಲ. ಶುಗರ್ 190. ಕರೆದ್ರೆ ಕಣ್ಣು ಬಿಡ್ತಾರೆ, ಆದ್ರೆ ಮಗಳ ಹೆಸರು ತಪ್ಪು ಹೇಳ್ತಿದ್ದಾರೆ, ಇದು ಹೊಸದು. ಎದೆಯಲ್ಲಿ ಏನೋ ಆಗಿದೆ ಅನ್ಸುತ್ತೆ ಸಾರ್. ಇಲ್ಲೇ ಬಂದು ನೋಡ್ತೀರಾ, ಆಸ್ಪತ್ರೆಗೆ ಕಳಿಸಲಾ? ನಮ್ಮಲ್ಲಿ ಆಕ್ಸಿಜನ್ ಇಲ್ಲ, ರಾತ್ರಿ ಸಿಸ್ಟರ್ ಇರಲ್ಲ.’

ಒಂದು ನಿಮಿಷದ ಮಾತು. ಇದನ್ನು ಕೇಳಿದ ಯಾವ ಡಾಕ್ಟರೂ ‘ನಾಳೆ ನೋಡೋಣ’ ಅನ್ನಲಾರರು. ಕೊನೆಯ ಎರಡು ವಾಕ್ಯ ಮರೆಯಬಾರದು. ‘ಬಂದು ನೋಡ್ತೀರಾ, ಕಳಿಸಲಾ’ ಎಂದು ಬಾಯಿಬಿಟ್ಟು ಕೇಳಲು ನಮ್ಮ ಸಿಸ್ಟರುಗಳು ಹಿಂಜರಿಯುತ್ತಾರೆ; ಡಾಕ್ಟರಿಗೆ ಹೇಳಿಕೊಟ್ಟಂತೆ ಆಗುತ್ತದೆ ಅನ್ನುವ ಸಂಕೋಚ. ಆದರೆ ಇಂಜೆಕ್ಷನ್ ಕೊಡಲು ಯಾರಿದ್ದಾರೆ, ಡ್ರಿಪ್ಸ್ ಹಾಕಲು ಆಗುತ್ತದೆಯೋ, ರಾತ್ರಿ ಯಾರು ಎದ್ದಿರುತ್ತಾರೆ ಅನ್ನುವುದು ಗೊತ್ತಿಲ್ಲದೆ ಡಾಕ್ಟರು ಕೊಡುವ ಸಲಹೆ ನಡೆಯುವಂಥದ್ದಾಗಿರುವುದಿಲ್ಲ.

ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಬೇಕು. ಫೋನಿನಲ್ಲಿ ‘ಫಿಫ್ಟೀನ್’ ‘ಫಿಫ್ಟಿ’ ಒಂದೇ ಥರ ಕೇಳುತ್ತವೆ. ‘ಒಂದು ಐದು, ಹದಿನೈದು ತಾನೇ ಸಾರ್?’ ಅಂತ ಕನ್ನಡದಲ್ಲಿ ಮತ್ತೆ ಕೇಳುವುದು ನಾಚಿಕೆಯ ಸಂಗತಿ ಅಲ್ಲ. ಮಾತ್ರೆ ಹೆಸರನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಬೇಕು. ಎಷ್ಟು ಹೊತ್ತಿಗೆ ಮತ್ತೆ ನೋಡಬೇಕು, ಯಾವ ಅಂಕಿ ಬಂದರೆ ಮತ್ತೆ ಫೋನ್ ಮಾಡಬೇಕು ಎಂದು ಕೇಳದೆ ಫೋನ್ ಇಡಬಾರದು. ‘ನೋಡ್ತಾ ಇರಿ’ ಅನ್ನುವುದಕ್ಕೆ ಒಂದು ಗಡಿಯಾರ ಬೇಕು.

ವಿಡಿಯೋ ಕರೆ ಈಗ ಸುಲಭ. 2020ರ ಮಾರ್ಚ್ 25ರಂದು ಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ರೋಗಿಯ ಪರವಾಗಿ ಆರೈಕೆ ಮಾಡುವವರು ಡಾಕ್ಟರ ಜೊತೆ ಮಾತಾಡುವುದಕ್ಕೂ ಅವಕಾಶವಿದೆ. ಉಸಿರಾಟ, ನಡಿಗೆ, ಮುಖದ ಓರೆ ಇವೆಲ್ಲ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತವೆ. ಹಾಸಿಗೆ ಹುಣ್ಣು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನಮ್ಮ ಕಪ್ಪು, ಗೋಧಿ ಮೈಬಣ್ಣದಲ್ಲಿ ‘ಕೆಂಪಾಗಿದೆ’ ಅನ್ನುವ ಹಂತ ಕಣ್ಣಿಗೇ ಬೀಳದೆ ಹೋಗಬಹುದು. ಬೆರಳಿಟ್ಟು ನೋಡಬೇಕು: ಸುತ್ತಲಿಗಿಂತ ಬಿಸಿ ಇದೆಯೋ, ಗಟ್ಟಿಯಾಗಿದೆಯೋ, ಮುಟ್ಟಿದರೆ ನೋಯುತ್ತದೆಯೋ. ಇದನ್ನು ಬಾಯಲ್ಲೇ ಹೇಳಬೇಕು.

ಅರಳು ಮರಳು

‘ಅರವತ್ತಕ್ಕೆ ಅರಳು ಮರಳು’ ಅನ್ನುವ ಗಾದೆ ಹಿರಿಯರ ಕೋಣೆಯಲ್ಲಿ ತುಂಬ ಹಾನಿ ಮಾಡಿದೆ. ಮರೆವಿನ ಕಾಯಿಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಸೋಮವಾರ ಸರಿಯಾಗಿ ಮಾತಾಡಿದವರು ಬುಧವಾರ ಗೋಡೆಯ ಮೇಲೆ ಇರುವೆ ಇದೆ ಅಂತ ಬಿಡಿಸಲು ಹೋದರೆ ಅದು ಅರಳು ಮರಳಲ್ಲ. ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. ಒಳಗೆ ಏನೋ ಕೆಟ್ಟಿದೆ ಎಂದು ಮೆದುಳು ಕೊಡುವ ಸೂಚನೆ ಅದು. ಸೋಂಕು, ನೀರು ಸಾಲದಿರುವುದು, ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ನಾಲ್ಕು ದಿನದ ಮಲಬದ್ಧತೆ, ನೋವು, ಹೊಸ ಮಾತ್ರೆ, ಯಾವುದೂ ಆಗಿರಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಎಷ್ಟು ಕೆಡುತ್ತಿದೆ ಎಂದು ಅಳೆಯುವ ‘ನ್ಯೂಸ್’ ಅಂಕ ಪದ್ಧತಿಯಲ್ಲಿ ಹೊಸದಾಗಿ ಬಂದ ಗೊಂದಲಕ್ಕೆ 3 ಅಂಕ. ಆಕ್ಸಿಜನ್ 91ಕ್ಕೆ ಇಳಿದರೂ ಅಷ್ಟೇ 3. ಎರಡಕ್ಕೂ ಅವರು ಒಂದೇ ತೂಕ ಕೊಟ್ಟಿದ್ದಾರೆ.

ಕೂಗಾಡುವವರ ಡೆಲಿರಿಯಂ ಎಲ್ಲರ ಗಮನಕ್ಕೂ ಬರುತ್ತದೆ. ಸುಮ್ಮನೆ ಮಲಗಿಬಿಡುವವರದ್ದು ಯಾರಿಗೂ ಕಾಣುವುದಿಲ್ಲ, ‘ಇವತ್ತು ಗಲಾಟೆ ಇಲ್ಲ, ಪಾಪ ಮಲಗಿದ್ದಾರೆ’ ಅನ್ನಿಸಿಕೊಳ್ಳುತ್ತಾರೆ. ನಮ್ಮ ಮೂರನೇ ಮಂಚದ ಅಜ್ಜಿಯ ಸಪ್ಪಗೆ ಈ ಬಗೆಯದು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಕೆಡುವುದು, ಮಾತಿನ ಮಧ್ಯೆ ಗಮನ ಜಾರುವುದು ಇದರ ಗುರುತು. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರೆ ಗೊತ್ತಾಗುತ್ತದೆ. ಮೊದಲು ಹೇಳುತ್ತಿದ್ದವರು ಈಗ ಶನಿವಾರ, ಶುಕ್ರವಾರ ಅಂದು ನಿಂತುಬಿಡುತ್ತಾರೆ.

ಗಡಿ ತಾಲ್ಲೂಕುಗಳಲ್ಲಿ ಒಂದು ವಿಶೇಷ ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಯ ಎಷ್ಟೋ ಹಿರಿಯರ ಮನೆಮಾತು ತೆಲುಗು. ಹುಷಾರಾಗಿದ್ದಾಗ ಕನ್ನಡದಲ್ಲೇ ಮಾತಾಡಿಕೊಂಡಿದ್ದವರು ಮೈ ಕೆಟ್ಟಾಗ ತೆಲುಗಿಗೆ ಹೊರಳಬಹುದು. ಬೇರೆ ಕಡೆಯಿಂದ ಬಂದ ಸಿಸ್ಟರಿಗೆ ಅದು ‘ಏನೇನೋ ಒದರ್ತಿದ್ದಾರೆ’ ಎಂದು ಕೇಳಿಸುತ್ತದೆ. ಅಡುಗೆಯವರನ್ನೋ ಕಾವಲಿನವರನ್ನೋ ಕರೆದು ಕೇಳಿಸಿದರೆ ಅಜ್ಜಿ ‘ಕಡುಪು ನೊಪ್ಪಿ’ ಅನ್ನುತ್ತಿದ್ದಾರೆ, ಹೊಟ್ಟೆನೋವು ಅಂತ. ಮನೆಮಾತು ಯಾವುದು ಅನ್ನುವುದೂ ಮಾಮೂಲು ಹಾಳೆಯಲ್ಲಿ ಇರಬೇಕು.

ಹೊಸ ಗೊಂದಲ ಕಂಡಾಗ ಡಾಕ್ಟರಿಗಿಂತ ಮೊದಲು ನೋಡಬೇಕಾದದ್ದು ಶುಗರ್. ಶಿವರಾತ್ರಿಯ ಬೆಳಿಗ್ಗೆಯನ್ನು ತೆಗೆದುಕೊಳ್ಳಿ. ತಾತ ಉಪವಾಸ, ಬರೀ ಒಂದು ಲೋಟ ಹಾಲು. ಆದರೆ ಮಾತ್ರೆ ಡಬ್ಬಿಯಲ್ಲಿ ‘ಬೆಳಿಗ್ಗೆ’ ಅನ್ನುವ ಮನೆಯಲ್ಲಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಇದೆ, ಕೊಟ್ಟಾಯಿತು. ಹನ್ನೊಂದಕ್ಕೆ ಬೆವರು, ಸಿಡಿಮಿಡಿ, ಅಸಂಬದ್ಧ ಮಾತು. ‘ಉಪವಾಸಕ್ಕೆ ನಿತ್ರಾಣ’ ಅಂತ ಮಲಗಿಸುತ್ತಾರೆ. ಶುಗರ್ 48. ಎಪ್ಪತ್ತಕ್ಕಿಂತ ಕಡಿಮೆ ಇದ್ದು ಎಚ್ಚರವಾಗಿದ್ದರೆ, ನುಂಗಲು ಆಗುತ್ತಿದ್ದರೆ, 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆ. ಮುಖ್ಯವಾದದ್ದು: ಸಕ್ಕರೆ ಕುಡಿಸಿ 120 ಬಂತು ಅಂತ ಡಾಕ್ಟರಿಗೆ ಹೇಳದೆ ಬಿಡಬಾರದು. ಈ ಜಾತಿಯ ಮಾತ್ರೆ ಹಿರಿಯರಲ್ಲಿ, ಅದರಲ್ಲೂ ಕಿಡ್ನಿ ನಿಧಾನವಾಗಿರುವವರಲ್ಲಿ, ಒಂದು ದಿನಕ್ಕೂ ಹೆಚ್ಚು ಹೊತ್ತು ಕೆಲಸ ಮಾಡುತ್ತಿರುತ್ತದೆ. ಸಂಜೆಗೆ ಮತ್ತೆ ಇಳಿಯುತ್ತದೆ. ಇಂಥವರು ಹಬ್ಬಕ್ಕೆ ಉಪವಾಸ ಇರುತ್ತಾರೆ, ಮಾತ್ರೆ ಏನು ಮಾಡಬೇಕು ಅನ್ನುವುದನ್ನು ಹಿಂದಿನ ವಾರವೇ ಕೇಳಿಟ್ಟುಕೊಳ್ಳಬೇಕು. ಭೇದಿ, ವಾಂತಿ ಶುರುವಾದ ದಿನವೂ ಅಷ್ಟೇ: ಮೂತ್ರ ಹೋಗಿಸುವ ಮಾತ್ರೆ, ಬಿಪಿ ಮಾತ್ರೆ, ಮೆಟ್‌ಫಾರ್ಮಿನ್ ಮುಂದುವರಿಸಲಾ ಅಂತ ಅವತ್ತೇ ಕೇಳಬೇಕು.

ಎರಡನೇ ಪ್ರಶ್ನೆ, ಡಾಕ್ಟರು ಕೇಳದಿದ್ದರೂ ಹೇಳಬೇಕಾದದ್ದು: ಈ ವಾರ ಹೊಸದಾಗಿ ಯಾವ ಮಾತ್ರೆ ಸೇರಿತು. ನೆಂಟರು ಬಂದಾಗ ಮೆಡಿಕಲ್ ಶಾಪಿನಿಂದ ತಂದುಕೊಟ್ಟ ನೆಗಡಿ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿರುವ ಕ್ಲೋರ್‌ಫೆನಿರಮಿನ್ ಹಿರಿಯರಲ್ಲಿ ಗೊಂದಲ ತರುತ್ತದೆ, ಪ್ರಾಸ್ಟೇಟ್ ದೊಡ್ಡದಾದ ತಾತನ ಮೂತ್ರ ಕಟ್ಟಿಸುತ್ತದೆ. ಡೈಪರ್ ಹನಿಹನಿಯಾಗಿ ಒದ್ದೆಯಾಗುತ್ತಿದೆ ಅಂದಮಾತ್ರಕ್ಕೆ ಮೂತ್ರ ಸರಿಯಾಗಿ ಹೋಗುತ್ತಿದೆ ಎಂದಲ್ಲ, ತುಂಬಿದ ಚೀಲ ಸೋರುತ್ತಿರಬಹುದು. ಹೊಕ್ಕುಳ ಕೆಳಗೆ ಕೈಯಿಟ್ಟು ಉಬ್ಬಿದೆಯೋ ನೋಡಬೇಕು. ಇನ್ನೊಂದು ಕಡೆ, ‘ಮೂತ್ರ ವಾಸನೆ ಬರ್ತಿದೆ, ಯೂರಿನ್ ಇನ್‌ಫೆಕ್ಷನ್’ ಅಂತ ನಾವೇ ತೀರ್ಮಾನ ಮಾಡಿ ಹೇಳುವುದೂ ಕೆಡುಕು. ನೀರು ಕಡಿಮೆ ಕುಡಿದರೂ ವಾಸನೆ ಬರುತ್ತದೆ. ಹಿರಿಯರ ಮೂತ್ರದಲ್ಲಿ ತೊಂದರೆ ಮಾಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಉರಿ, ಜ್ವರ, ಪದೇ ಪದೇ ಹೋಗುವುದು ಇದೆಯೋ ಇಲ್ಲವೋ ಅಷ್ಟನ್ನು ಹೇಳಿ, ಕಾಯಿಲೆಯ ಹೆಸರಿಡುವುದನ್ನು ಡಾಕ್ಟರಿಗೆ ಬಿಡಬೇಕು. ರಾತ್ರಿ ಏಳಬೇಕಾಗುತ್ತದೆ ಅಂತ ಅಜ್ಜಿಯಂದಿರು ಮಧ್ಯಾಹ್ನದ ಮೇಲೆ ನೀರೇ ಮುಟ್ಟುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಇದೊಂದೇ ಸಾಕು ಮಂಕು ಕವಿಯಲು.

ಕಾಯಬಾರದ ಕರೆಗಳು

‘ಗ್ಯಾಸ್ಟ್ರಿಕ್’ ಅನ್ನುವ ಪದವನ್ನು ಆಶ್ರಮದ ಫೋನಿನಿಂದ ತೆಗೆದುಹಾಕಬೇಕು. ಹಿರಿಯರಿಗೆ, ಶುಗರ್ ಇರುವವರಿಗೆ, ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರಬಹುದು: ತಣ್ಣನೆ ಬೆವರು, ಏದುಸಿರು, ವಾಂತಿ, ಹೇಳಲಾರದ ಸುಸ್ತು, ಮೇಲುಹೊಟ್ಟೆ ಹಿಡಿದಂತೆ. ಕಂಡದ್ದನ್ನು ಹಾಗೆಯೇ ಹೇಳಿ, ಈಸಿಜಿಗೆ ಕರೆದೊಯ್ಯಬೇಕು.

ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಮೊದಲು 108, ಆಮೇಲೆ ಡಾಕ್ಟರು, ಆಮೇಲೆ ಮಗ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಆ ಗಡಿಯಾರ ಶುರುವಾಗುವುದು ಕಂಡಾಗಿನಿಂದಲ್ಲ, ಕೊನೆಯ ಸಲ ಸರಿಯಾಗಿದ್ದದ್ದು ನೋಡಿದಾಗಿನಿಂದ. ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿದ್ದರೆ, ರಾತ್ರಿ ಎಷ್ಟಕ್ಕೆ ಬಚ್ಚಲಿಗೆ ನಡೆದುಹೋದರು ಎಂಬುದು ರಾತ್ರಿ ಪಾಳಿಯವರಿಗೆ ಮಾತ್ರ ಗೊತ್ತು. ಅವರು ಬಸ್ ಹತ್ತಿ ಹೋಗಿದ್ದರೆ ಫೋನ್ ಮಾಡಿ ಕೇಳಲೇಬೇಕು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಊರುಗಳಿಂದ ಬೆಂಗಳೂರು 60-70 ಕಿಲೋಮೀಟರ್. ನೆಲಮಂಗಲದಲ್ಲೋ ಹೆಬ್ಬಾಳದಲ್ಲೋ ಕೆ.ಆರ್. ಪುರದಲ್ಲೋ ಗಾಡಿ ನಿಂತರೆ ಹೊತ್ತು ಅಲ್ಲೇ ಕರಗುತ್ತದೆ. ಸಿಟಿ ಸ್ಕ್ಯಾನೂ ಆ ಇಂಜೆಕ್ಷನ್ನೂ ಊರಿನಲ್ಲೇ ಎಲ್ಲಿ ಸಿಗುತ್ತದೆ, ರಾತ್ರಿಯೂ ಸಿಗುತ್ತದೆಯೇ ಅನ್ನುವುದನ್ನು ಮುಂಚೆಯೇ ವಿಚಾರಿಸಿ ಗೋಡೆಗೆ ಅಂಟಿಸಿಡಬೇಕು.

ಬಿದ್ದವರ ವಿಷಯದಲ್ಲಿ ‘ಏನೂ ಆಗಿಲ್ಲ, ಎಬ್ಬಿಸಿ ಕೂರಿಸಿದ್ವಿ’ ಅನ್ನುವುದೇ ಹೆಚ್ಚು. ಎಬ್ಬಿಸುವ ಮುಂಚೆ ನೋಡಬೇಕು: ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ತಲೆಗೆ ಪೆಟ್ಟಾಗಿ, ಅವರು ಅಸಿಟ್ರಾಮ್, ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಗುತ್ತಾ ಮಾತಾಡುತ್ತಿದ್ದರೂ ಮೊದಲ ವಾಕ್ಯದಲ್ಲೇ ಅದನ್ನು ಹೇಳಬೇಕು. ಮಿದುಳಿನ ಮೇಲೆ ನಿಧಾನವಾಗಿ ರಕ್ತ ಕೂಡಿಕೊಂಡು ಮೂರು ವಾರದ ಮೇಲೆ ಮಂಕು ಹಿಡಿದಾಗ ಹಿಂದೆ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಕಪ್ಪು ಮಲವೂ ಹಾಗೆಯೇ: ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆಯಿದ್ದರೆ ಒಳಗೆ ರಕ್ತ ಹೋಗುತ್ತಿದೆ, ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ. ಮಾತ್ರೆ ಇದೆಯೋ ಇಲ್ಲವೋ, ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದಾರೋ ಎಂಬುದು ಜೊತೆಗೇ ಹೋಗಬೇಕು.

ಮನೆಯವರಿಗೆ ಮೊದಲು ಹೇಳಿ, ಅವರು ಒಪ್ಪಿದ ಮೇಲೆ ಡಾಕ್ಟರಿಗೆ ಹೇಳುವ ರೂಢಿ ಎಷ್ಟೋ ಕಡೆ ಇದೆ. ಖರ್ಚಿನ ಪ್ರಶ್ನೆ ಇರುವುದರಿಂದ ಹೀಗಾಗಿದೆ, ಅರ್ಥವಾಗುತ್ತದೆ. ಆದರೆ ಮಗ ಮೀಟಿಂಗಿನಲ್ಲಿದ್ದು ಫೋನ್ ಎತ್ತದ ಎರಡು ಗಂಟೆಯನ್ನು ಅಜ್ಜಿ ಉಸಿರುಕಟ್ಟಿ ಕಳೆಯಬೇಕಾಗುತ್ತದೆ. ಆಸ್ಪತ್ರೆಗೆ ಸೇರಿಸಬೇಕೋ ಬೇಡವೋ, ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ಹಿರಿಯರನ್ನೇ ಕೇಳಿ, ಅವರು ನೆಟ್ಟಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮುಂಚಿತವಾಗಿ ಇಂಥ ಇಚ್ಛೆ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿದೆ.

ಫೋನಿನ ಹತ್ತಿರ ಆಯಾ

ಹೀಗೆಲ್ಲ ಬರೆದರೂ ಮೊದಲ ಮಾತು ಹೊರಡುವುದು ಆಯಾ ಬಾಯಿಂದಲೇ. ಒಮ್ಮೆ ‘ಸುಮ್ನೆ ಗಾಬರಿ ಮಾಡ್ತೀಯಾ’ ಅನ್ನಿಸಿಕೊಂಡವರು ಎರಡನೇ ಸಲ ಹೇಳುವುದಿಲ್ಲ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ‘ಮಗ್ಗುಲು ತಿರುಗಿಸಿದರೆ ಏದುಸಿರು’ ಅಂತಲೇ, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ‘ಡಲ್’ ಅಂತ ಇಳಿಸಬಾರದು. ಓದುಬರಹ ಬಾರದವರಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಕು. ಡಾಕ್ಟರಿಗೆ ಫೋನ್ ಮಾಡುವಾಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿ ಸ್ಪೀಕರ್ ಹಾಕಬೇಕು. ಪಾಳಿ ಬದಲಾಗುವಾಗ ಚಪ್ಪಲಿ ಮೆಟ್ಟುವ ಜಾಗದಲ್ಲಲ್ಲ, ಮಂಚದ ಪಕ್ಕದಲ್ಲಿ ನಿಂತು ಹೇಳಿ-ಕೇಳುವ ಐದು ನಿಮಿಷವನ್ನು ಇಬ್ಬರ ಸಂಬಳದ ಹೊತ್ತಿನಲ್ಲೇ ಸೇರಿಸಬೇಕು.

ಅಜ್ಜಿ ಆಸ್ಪತ್ರೆಯಿಂದ ವಾಪಸ್ ಬಂದ ದಿನ ಇನ್ನೊಂದು ಕೆಲಸವಿದೆ. ಡಿಸ್ಚಾರ್ಜ್ ಚೀಟಿಯನ್ನು ಹಳೆಯ ಮಾತ್ರೆ ಪಟ್ಟಿಯ ಪಕ್ಕ ಇಟ್ಟು, ಬ್ರ್ಯಾಂಡ್ ಹೆಸರಲ್ಲ, ಕೆಳಗೆ ಚಿಕ್ಕದಾಗಿ ಬರೆದಿರುವ ಔಷಧಿಯ ಹೆಸರು ಓದಿ ಹೊಂದಿಸಬೇಕು. ಒಂದೇ ಬಿಪಿ ಮಾತ್ರೆ ಎರಡು ಕಂಪನಿಯ ಹೆಸರಲ್ಲಿ ಎರಡು ಸಲ ಹೋಗುತ್ತಿರುವುದು ಇಲ್ಲೇ ಸಿಗುತ್ತದೆ. ನಿಲ್ಲಿಸಿದ ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ಬೇರೆ ಕವರಿಗೆ ಹಾಕಿ ಮೇಲೆ ದಿನಾಂಕ ಬರೆಯಬೇಕು. ಆಮೇಲೆ ಒಂದು ವಾರ ನೋಡಿ ಮಾಮೂಲು ಹಾಳೆಯನ್ನು ಹೊಸದಾಗಿ ಬರೆಯಬೇಕು. ಹೋಗುವ ಮುಂಚೆ ರಾತ್ರಿಗೆ ಒಂದು ಮುದ್ದೆ ಇತ್ತು, ಈಗ ಅರ್ಧ. ಮೊದಲು ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು, ಈಗ ಒಬ್ಬರು ಕೈ ಕೊಡಬೇಕು. ಆಕ್ಸಿಜನ್ 95. ಮಗಳ ಹೆಸರು ಸರಿಯಾಗಿ ಹೇಳುತ್ತಾರೆ.